ನನ್ನ ಕಾರಿನ ನೀಲಿ ಹೊಗೆ

ನನ್ನ ಕಾರು ಹೊಗೆ ಬಿಡಲು ಶುರು ಮಾಡಿದ ಮೇಲೆ ನಮ್ಮ ಓಣಿಯಲ್ಲಿ ನನಗೆ ಸ್ವಲ್ಪ ಬೆಲೆ ಬಂದಿದೆ. ಅದಕ್ಕೂ ಮೊದಲು ಬೆಳಿಗ್ಗೆ ಗೇಟು ತೆಗೆದು, ಕಾರು ಹೊರಗೆ ತಂದು, ಗೇಟು ಹಾಕಿ ಹೊರಟರೆ ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಈಗ ಹಾಗಲ್ಲ. ಎದುರುಮನೆಯ ಕಾಶಿಬಾಯಿ ಅಂಗಳಕ್ಕೆ ನೀರು ಹಾಕುವುದನ್ನು ಬಿಟ್ಟು ಬರುತ್ತಾರೆ. ಹಾಲಿನವನು ಗಾಡಿ ನಿಲ್ಲಿಸಿ ನೋಡುತ್ತಾನೆ. ಮೊನ್ನೆಯಂತೂ ಗುರುತು ಪರಿಚಯ ಇಲ್ಲದ ಒಬ್ಬರು ಬೈಕಿನಲ್ಲಿ ಹೈವೇತನಕ ನನ್ನ ಬೆನ್ನು ಹತ್ತಿ ಬಂದು, ಕಿಟಕಿ ಇಳಿಸಲು ಕೈಸನ್ನೆ ಮಾಡಿ, "ಬಾಯೀ, ಗಾಡಿ ಹೊಗಿ ಬಿಡಾಕತ್ತದ ನೋಡ್ರಿ" ಎಂದು ಹೇಳಿಯೇ ಹೋದರು.

"ಹೌದ್ರಿ, ಗೊತ್ತದ" ಎಂದರೆ ಪಾಪ, ಹೇಳಿದವರ ಮುಖ ಸಣ್ಣದಾಗುತ್ತದೆ. ಅದಕ್ಕೆ ಈಗೀಗ ನಾನು ಹುಬ್ಬೇರಿಸಿ, "ಹೌದೇನ್ರಿ? ಯಾವಾಗಿಂದ?" ಎಂದು ಕೇಳುತ್ತೇನೆ. ಹಾಗೆ ಕೇಳಿದರೆ ಮಾತು ಇನ್ನೊಂದಿಷ್ಟು ದೂರ ನಡೆಯುತ್ತದೆ. ಮನೆಯಲ್ಲಿ ಒಬ್ಬಳೇ ಇರುವವಳು ಮಾತಿನ ವಿಷಯದಲ್ಲಿ ಎಷ್ಟು ಲೋಭಿಯಾಗುತ್ತಾಳೆ ಎಂಬುದು ನಿಮಗೆ ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು.

ನಾನು ಇರುವುದು ಬಸವಕಲ್ಯಾಣದಲ್ಲಿ. ಹುಮನಾಬಾದಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಮದುವೆ ಯಾಕೆ ಆಗಲಿಲ್ಲ ಎಂದು ಜನ ಕೇಳುವ ವಯಸ್ಸನ್ನು ಎಂದೋ ದಾಟಿದ್ದೇನೆ. ಕೇಳುತ್ತಿದ್ದವರೂ ಈಗ ಮೊಮ್ಮಕ್ಕಳ ಗದ್ದಲದಲ್ಲಿ ನನ್ನನ್ನು ಮರೆತಿದ್ದಾರೆ. ನನ್ನದು ಹಳೆಯ ಟರ್ಬೊ ಡೀಸೆಲ್ ಕಾರು, ಉಮರ್ಗಾದ ಗುತ್ತಿಗೆದಾರರೊಬ್ಬರು ಓಡಿಸಿ ಬಿಟ್ಟಿದ್ದು. ಟರ್ಬೊ ಎಂದರೇನು ಎಂದು ಕೊಳ್ಳುವಾಗ ನನಗೆ ತಿಳಿದಿರಲಿಲ್ಲ. ಅದು ಎಂಜಿನ್ನಿಗೆ ಹಚ್ಚಿದ ಊದುಗೊಳವೆ, ಎಂಜಿನ್ನಿನ ಹೊಗೆಯ ರಭಸಕ್ಕೇ ತಿರುಗಿ ಅದೇ ಎಂಜಿನ್ನಿಗೆ ಗಾಳಿ ಊದುತ್ತದೆ ಎಂದು ಆಮೇಲೆ ಮಹಾನಂದಾ ತಿಳಿಸಿ ಹೇಳಿದಳು. ಮಹಾನಂದಾ ಯಾರು ಎಂದು ಹೇಳುತ್ತೇನೆ, ಸ್ವಲ್ಪ ತಡೆಯಿರಿ. ಅವಳ ವಿಷಯಕ್ಕೆ ಬಂದರೆ ಹೊಗೆಯ ವಿಷಯ ಹಿಂದೆ ಉಳಿದುಬಿಡುತ್ತದೆ.

ಹುಮನಾಬಾದಿನಲ್ಲಿ ನನ್ನ ಗಾಡಿ ನೋಡುವವರು ಖಾಜಾ ಮಿಸ್ತ್ರಿ. ಮೂಲ ಹುಡಗಿ ಎಂಬ ಊರಿನವರು. ಮಾತು ಬಹಳ ಜೋರು. ಗಾಡಿಯನ್ನು ಮುಟ್ಟದೆ, ಬರೀ ಕೇಳಿಯೇ ರೋಗ ಹೇಳುತ್ತೇನೆ ಎನ್ನುವವರು. ಅರ್ಧ ಸಲ ತಪ್ಪು ಹೇಳುತ್ತಾರೆ, ಆದರೆ ತಪ್ಪನ್ನೂ ಅದೇ ಧೈರ್ಯದಿಂದ ಹೇಳುತ್ತಾರೆ. ನಾನು ಫೋನು ಮಾಡಿ ಹೊಗೆಯ ಸುದ್ದಿ ತೆಗೆದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ.

"ರಂಗ್ ಯಾವ್ದದ್ರಿ ಮೇಡಂ?"

ಡ್ರಾಯಿಂಗ್ ಟೀಚರಿಗೆ ಕೇಳಬಾರದ ಪ್ರಶ್ನೆ ಅದು. ನನಗೆ ಹುರುಪು ಬಂತು. "ನೀರ ಹಾಕಿದ ಹಾಲಿಗಿ ಒಂದು ಛಾಯಾ ಇರತದಲ್ರಿ, ಅದು. ಅಂಚಿನ್ಯಾಗ ಜರಾ ಬೂದಿ ಬಣ್ಣ. ಬಿಸಲಿಗಿ ಬಂತಂದ್ರ ತೆಳ್ಳಗ ಆಗತದ, ನೆಳ್ಳಿನ್ಯಾಗ ಮತ್ತ ಗಟ್ಟಿ ಕಾಣತದ."

ಮಿಸ್ತ್ರಿ, "ಹಾಲಂದ್ರ ಬಿಳಿ. ಬಿಳಿ ಅಂದ್ರ ಡೀಸೆಲ್ ಸಿಂಪಡಸೋ ಇಂಜೆಕ್ಟರ್ ಕೆಟ್ಟದ. ತಂದ್ ಬಿಡ್ರಿ" ಎಂದರು.

ಬಿಟ್ಟೆ. ಇಂಜೆಕ್ಟರುಗಳನ್ನು ಬಿಚ್ಚಿದರು, ತೊಳೆದರು, ಹಾಕಿದರು. ಮಾರನೆಯ ದಿನ ಬೆಳಿಗ್ಗೆ ಗೇಟಿನ ಹತ್ತಿರ ಅದೇ ಹೊಗೆ, ಅದೇ ಕಾಶಿಬಾಯಿ. ನಾನು ಗ್ಯಾರೇಜಿಗೆ ಹೋಗಿ ಜಗಳ ತೆಗೆದೆ. ಖಾಜಾ ಮಿಸ್ತ್ರಿ ನನಗಿಂತ ದೊಡ್ಡ ದನಿಯಲ್ಲಿ, "ನೀವೇ ಬಿಳಿ ಅಂದ್ರಿ!" ಎಂದರು. ನಾನು, "ನಾ ಎಲ್ಲಿ ಬಿಳಿ ಅಂದೆ? ನೀರ ಹಾಲು ಅಂದೆ!" ಎಂದೆ. ಅಲ್ಲಿ ಟೈರು ಬದಲಿಸಿಕೊಳ್ಳಲು ನಿಂತಿದ್ದ ಚಿಟಗುಪ್ಪದ ಡ್ರೈವರೊಬ್ಬ ತಲೆ ಕೆಳಗೆ ಹಾಕಿ ನಗುತ್ತಿದ್ದ.

"ಮೇಡಂ, ಕೇಳ್ರಿ ಇಲ್ಲಿ" ಎಂದರು ಮಿಸ್ತ್ರಿ. "ನಮ್ಮ ದಂಧೇದಾಗ ಮೂರೇ ರಂಗ್ ಅವ. ಕರಿ ಅಂದ್ರ ಡೀಸೆಲ್ ಹೆಚ್ಚಾಗೇದ, ಇಲ್ಲಾ ಗಾಳಿ ಕಮ್ಮಿ ಬಿದ್ದದ. ಬಿಳಿ ಅಂದ್ರ ಡೀಸೆಲ್ ಸರಿ ಸುಡವಲ್ದು, ಇಲ್ಲಾ ಒಳಗ ನೀರ ಹೋಗೇದ. ನೀಲಿ ಅಂದ್ರ ಆಯಿಲ್ ಸುಡಾಕತ್ತದ. ಈ ಮೂರರಾಗ ಒಂದ್ ಹೇಳ್ರಿ, ನಾಲ್ಕನೇದ್ದು ಬ್ಯಾಡ."

ಇಷ್ಟು ದೊಡ್ಡ ಜಗತ್ತಿಗೆ ಮೂರೇ ಬಣ್ಣ! ನನಗೆ ಅವರ ಮೇಲೆ ಕನಿಕರವೇ ಆಯಿತು. ಆದರೂ ರವಿವಾರ ಬೆಳಿಗ್ಗೆ ಒಂದು ದೊಡ್ಡ ಡ್ರಾಯಿಂಗ್ ಹಾಳೆ ತಂದು ಕಾಶಿಬಾಯಿಯ ಕೈಗೆ ಕೊಟ್ಟು, ಸೈಲೆನ್ಸರಿನ ಹಿಂದೆ ಪರದೆಯ ಹಾಗೆ ಹಿಡಿದು ನಿಲ್ಲಿಸಿದೆ. ಬಿಳಿಯ ಎದುರು ಬಣ್ಣದ ನಿಜ ತಿಳಿಯುತ್ತದೆ, ಇದು ಮಕ್ಕಳಿಗೆ ನಾನೇ ಕಲಿಸುವ ಪಾಠ. ಸ್ವಲ್ಪ ಹೊತ್ತು ಎಂಜಿನ್ ಸುಮ್ಮನೆ ತಿರುಗಲು ಬಿಟ್ಟು, ಆಮೇಲೆ ಎಕ್ಸಲರೇಟರ್ ಒತ್ತಿದೆ. ಕಾಶಿಬಾಯಿ ಕೆಮ್ಮಿದರು, ಸೆರಗು ಮೂಗಿಗೆ ಹಿಡಿದರು, ಆದರೆ ಹಾಳೆ ಬಿಡಲಿಲ್ಲ.

"ಯಾವ ಬಣ್ಣ ಅದರಿ?" ಎಂದು ಕೂಗಿದೆ.

"ಬಿಳಿ ಧೋತರಕ್ಕ ನೀಲಿ ಹಾಕಿ ಹಿಂಡ್ತೀವಲ್ಲಬೇ, ಆ ನೀರಿನ ಬಣ್ಣ!" ಎಂದು ಅವರೂ ಕೂಗಿದರು.

ನೀಲಿ. ಅಂದರೆ ಕಾರು ತನ್ನ ಹೊಟ್ಟೆಯ ಎಣ್ಣೆಯನ್ನು ತಾನೇ ಸುಡುತ್ತಿದೆ. ಆದರೂ ಕಾಶಿಬಾಯಿಯ ಆ ಉತ್ತರ ಕೇಳಿ ನನಗೆ ಖುಷಿಯಾಯಿತು. ಇಷ್ಟು ವರ್ಷ ಎದುರುಮನೆಯಲ್ಲಿದ್ದ ಈ ಹೆಂಗಸಿಗೆ ಬಣ್ಣ ನೋಡುವ ಕಣ್ಣಿದೆ ಎಂದು ನನಗೆ ಗೊತ್ತಾಗಲು ನನ್ನ ಎಂಜಿನ್ ಕೆಡಬೇಕಾಯಿತು.

ಹೊಗೆ ನೋಡಿ ರೋಗ ಹೇಳುವ ವಿದ್ಯೆ ನಮ್ಮ ಮನೆತನಕ್ಕೆ ಹೊಸದೇನೂ ಅಲ್ಲ. ನಾನು ಹುಟ್ಟಿ ಬೆಳೆದದ್ದು ಮಂಠಾಳದಲ್ಲಿ. ಅಲ್ಲಿ ನಮ್ಮವ್ವ ಬೆಳಿಗ್ಗೆ ಮಾಳಿಗೆ ಹತ್ತಿ ನಿಂತಳೆಂದರೆ ಅಕ್ಕಪಕ್ಕದ ಬೆಳಕಿಂಡಿಗಳಿಂದ ಏಳುವ ಹೊಗೆ ನೋಡಿಯೇ ಊರ ಸುದ್ದಿ ಹೇಳುತ್ತಿದ್ದಳು. ತೊಗರಿ ಕಟ್ಟಿಗೆಯದು ಸರಸರ ಎದ್ದು ಹೋಗುವ ತೆಳು ಹೊಗೆ. ಸಗಣಿ ಕುಳ್ಳಿನದು ಅಲ್ಲೇ ಕುಳಿತುಕೊಳ್ಳುವ ದಪ್ಪ ಹೊಗೆ. ಹಸಿ ಜಾಲಿಯದು ಕಣ್ಣಲ್ಲಿ ನೀರು ಬರಿಸುವ ಹೊಗೆ, "ಅವರ ಮನ್ಯಾಗ ಒಣ ಕಟಗಿ ತೀರ್‍ಯಾವ ನೋಡು" ಎನ್ನುತ್ತಿದ್ದಳು. ಸುಗ್ಗಿಯಲ್ಲಿ ಬೆಲ್ಲದ ಗಾಣದ ಕಡೆಯಿಂದ ಬರುವ ಹೊಗೆಗೆ ಮಾತ್ರ ಬಣ್ಣಕ್ಕಿಂತ ಮೊದಲು ವಾಸನೆ ಬರುತ್ತಿತ್ತು, ಅದನ್ನು ಓದಲು ಅವ್ವ ಬೇಕಾಗಿರಲಿಲ್ಲ.

ಆದರೆ ಅವ್ವ ನಿಜವಾಗಿ ಹುಡುಕುತ್ತಿದ್ದದ್ದು ಹೊಗೆ ಏಳದ ಮನೆಯನ್ನು. ನಮ್ಮ ಹಿಂದಿನ ಮನೆಯಲ್ಲಿ ಗುಂಡಮ್ಮಾಯಿ ಎಂಬ ಮುದುಕಿ ಒಬ್ಬಳೇ ಇದ್ದಳು. ಬಿಸಿಲು ಅಂಗಳಕ್ಕೆ ಇಳಿದ ಮೇಲೂ ಆಕೆಯ ಬೆಳಕಿಂಡಿಯಿಂದ ಹೊಗೆ ಬರದಿದ್ದರೆ ಅವ್ವ ನನ್ನ ಕೈ ಹಿಡಿದು ಆ ಬಾಗಿಲಿಗೆ ಹೋಗುತ್ತಿದ್ದಳು. ಯಾಕೆ ಒಲೆ ಹೊತ್ತಿಸಿಲ್ಲ ಎಂದು ಕೇಳುತ್ತಿರಲಿಲ್ಲ. ಹಾಗೆ ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. "ಆಯೀ, ಜರಾ ಬೆಂಕಿ ಬೇಕಾಗಿತ್ತು" ಎನ್ನುತ್ತಿದ್ದಳು. ನಮ್ಮ ಒಲೆ ಧಗಧಗ ಉರಿಯುತ್ತಿರುತ್ತಿತ್ತು. ಒಳಗಿನಿಂದ ಮುದುಕಿ, "ನಾನೇ ಇನ್ನಾ ಹಚ್ಚಿಲ್ಲಬೇ, ಮೈ ಬಿಸಿ ಆಗೇದ" ಎಂದು ನರಳಿದರೆ, ಅವ್ವ, "ಹಂಗಾದ್ರ ತಡಿ, ನಾನೇ ತರ್ತೀನಿ" ಎಂದು ಮನೆಗೆ ಬಂದು, ಕುಳ್ಳಿನ ತುಂಡಿನ ಮೇಲೆ ಕೆಂಡ ಇಟ್ಟುಕೊಂಡು ಹೋಗಿ ಆಕೆಯ ಒಲೆ ಹೊತ್ತಿಸಿ ಬರುತ್ತಿದ್ದಳು. ಕೇಳಲು ಹೋದವಳೇ ಕೊಟ್ಟು ಬರುತ್ತಿದ್ದಳು. ಬೆಂಕಿ ಇಟ್ಟುಕೊಂಡು ಬೆಂಕಿ ಕೇಳುವುದು ಸುಳ್ಳಲ್ಲವೇ ಎಂದು ನಾನು ಒಮ್ಮೆ ಕೇಳಿ ತಲೆಗೆ ಮೊಟಕಿಸಿಕೊಂಡಿದ್ದೇನೆ.

ಈಗ ಎಲ್ಲರ ಮನೆಯಲ್ಲೂ ಗ್ಯಾಸು. ಒಲೆ ಹೊತ್ತಿದ್ದೂ ತಿಳಿಯುವುದಿಲ್ಲ, ಹೊತ್ತದೆ ಇದ್ದದ್ದೂ ತಿಳಿಯುವುದಿಲ್ಲ. ಮೊಣಕಾಲು ಹಿಡಿದುಕೊಂಡು ನಾನು ಒಂದಿಡೀ ದಿನ ಹಾಸಿಗೆಯಲ್ಲಿ ಕಳೆದದ್ದುಂಟು, ಓಣಿಗೆ ಗೊತ್ತಾಗಲಿಲ್ಲ. ಅದು ಓಣಿಯ ತಪ್ಪಲ್ಲ. ನನ್ನ ಮನೆಯಿಂದ ಹೊರಗೆ ಕಾಣುವಂಥದ್ದು ಏನೂ ಏಳುವುದಿಲ್ಲ, ಏಳುವುದು ಈಗ ಕಾರಿನ ಹಿಂದೆ ಮಾತ್ರ.

ನೀಲಿ ಎಂಬ ಸುದ್ದಿ ಮಂಠಾಳದಲ್ಲಿರುವ ನನ್ನ ತಮ್ಮನಿಗೂ ಮುಟ್ಟಿತು. ಅವನು ಫೋನಿನಲ್ಲೇ ತೀರ್ಪು ಕೊಟ್ಟ. "ಅಕ್ಕಾ, ನೀಲಿ ಅಂದ್ರ ಎಂಜಿನ್ ಮುಗೀತು. ಅದಕ್ಕ ಇನ್ನ ಏನೂ ಹಚ್ಚಬ್ಯಾಡ. ಉಮರ್ಗಾದಾಗ ಹಳೇ ಗಾಡಿ ತಗೊಳ್ಳಾವ ಒಬ್ಬ ಅದಾನ, ಬರೋ ರವಿವಾರ ಕರಕೊಂಡ ಬರ್ತೀನಿ. ನಿಂಗ್ಯಾಕ ಕಾರು? ಹುಮನಾಬಾದಿಗಿ ತಾಸಿಗೊಂದು ಬಸ್ ಅವ."

ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ. ಬಸ್ಸುಗಳಿವೆ, ಸೀಟೂ ಸಿಗುತ್ತದೆ. ಆದರೂ ಹೂಂ ಎನ್ನದೆ ಫೋನು ಇಟ್ಟೆ. ನಾನು ಹೋಗಿ ಕಾರಿನ ಎಡಗಡೆಯ ಸೀಟನ್ನು ನೋಡಿದೆ. ಅದು ಇನ್ನೂ ಪೂರ್ತಿ ಹಿಂದಕ್ಕೆ ಸರಿಸಿಯೇ ಇದೆ. ಮಹಾನಂದಾಳ ಕಾಲು ಉದ್ದ.

ಈಗ ಹೇಳುತ್ತೇನೆ. ಮಹಾನಂದಾ ನಮ್ಮ ಶಾಲೆಯ ಸೈನ್ಸ್ ಟೀಚರ್. ನಮ್ಮ ಓಣಿಯ ಕೊನೆಯ ಮನೆಯ ಸೊಸೆ. ನಾನು ಕಾರು ಕೊಂಡ ದಿನದಿಂದ ನನ್ನ ಜೊತೆಗೇ ಹುಮನಾಬಾದಿಗೆ ಹೋಗಿ ಬರುತ್ತಿದ್ದಳು. ಹಾದಿಯುದ್ದಕ್ಕೂ ಮಾತು. ಸಸ್ತಾಪುರ ಬಂಗ್ಲಾ ಕ್ರಾಸಿನಲ್ಲಿ ಶುರುವಾದ ವಿಷಯ ರಾಜೇಶ್ವರ ದಾಟಿದರೂ ಮುಗಿಯುತ್ತಿರಲಿಲ್ಲ. ಶಾಲೆಯ ಮುಂದೆ ಕಾರು ನಿಂತರೂ ಪ್ರಾರ್ಥನೆಯ ಗಂಟೆ ಹೊಡೆಯುವ ತನಕ ಒಳಗೇ ಕುಳಿತಿರುತ್ತಿದ್ದೆವು. ಸಂಜೆ ಊರಿಗೆ ಬಂದ ಮೇಲಿನದು ಇನ್ನೂ ದೊಡ್ಡ ಕಥೆ. ನನ್ನ ಮನೆ ಹೈವೇ ಕಡೆಗೇ ಇದೆ, ಹೊರಳಿದರೆ ಬಂತು. ಗೇಟಿನ ಮುಂದೆ ಕಾರು ನಿಲ್ಲಿಸಿ ನಾನು ಚಾವಿಗೆ ಕೈ ಹಾಕಿದರೆ ಅವಳು ನನ್ನ ಕೈ ಹಿಡಿಯುತ್ತಿದ್ದಳು.

"ತಡಿ, ಬಂದ್ ಮಾಡಬ್ಯಾಡ. ಮಾತ್ ಮುಗದಿಲ್ಲ."

ಅದಕ್ಕೊಂದು ಕಾರಣವಿತ್ತು. ಅವಳ ಅತ್ತೆಗೆ ಕಣ್ಣು ಮಂಜು, ಕಿವಿ ಮಾತ್ರ ಬಹಳ ಚುರುಕು. ನನ್ನ ಕಾರಿನ ಸದ್ದು ನಿಂತಿತೆಂದರೆ ಸೊಸೆ ಬಂದಳು ಎಂದು ಲೆಕ್ಕ. ಆ ಕ್ಷಣದಿಂದ ಚಹಾ, ರೊಟ್ಟಿ, ನೀರು, ಅರಿವೆ. ಎಂಜಿನ್ ಗುರುಗುಟ್ಟುತ್ತಿರುವ ತನಕ ಅವಳಿನ್ನೂ ದಾರಿಯಲ್ಲಿದ್ದ ಹಾಗೆ. ಶಾಲೆಯದೂ ಅಲ್ಲದ, ಮನೆಯದೂ ಅಲ್ಲದ ಆ ಹೊತ್ತು ಇಡೀ ದಿನದಲ್ಲಿ ಅವಳದ್ದೇ ಆಗಿತ್ತು. ನನ್ನದೂ ಆಗಿತ್ತು ಎಂದು ನನಗೆ ಆಗ ತಿಳಿದಿರಲಿಲ್ಲ. ನಾನು "ಡೀಸೆಲ್ ನಿಮ್ಮತ್ತಿ ಹಾಕಸ್ತಾಳೇನ?" ಎಂದು ಗೊಣಗುತ್ತಿದ್ದೆ. ಗೊಣಗಿದರೂ ಚಾವಿ ತಿರುವುತ್ತಿರಲಿಲ್ಲ.

ಆಮೇಲೆ ಅವಳಿಗೆ ವರ್ಗವಾಯಿತು. ಗಂಡನ ನೌಕರಿ ಔರಾದದಲ್ಲಿ, ಅವಳಿಗೂ ಅಲ್ಲೇ ಸಿಕ್ಕಿತು. ಅತ್ತೆಯನ್ನೂ ಕರೆದುಕೊಂಡು ಹೋದರು. ಒಳ್ಳೆಯದೇ ಆಯಿತು. ಮೊದಮೊದಲು ದಿನಾ ಫೋನು ಮಾಡುತ್ತಿದ್ದೆವು. ಆಮೇಲೆ ವಾರಕ್ಕೊಮ್ಮೆ, ಆಮೇಲೆ ಹಬ್ಬಕ್ಕೆ. ಈಗ ಬೆಳಿಗ್ಗೆ ಮೊಬೈಲಿನಲ್ಲಿ ಅವಳು ಒಂದು ಗುಲಾಬಿ ಹೂವಿನ ಚಿತ್ರ ಕಳಿಸುತ್ತಾಳೆ, ನಾನು ಕೈ ಮುಗಿದ ಚಿತ್ರ ಕಳಿಸುತ್ತೇನೆ. ಜಗಳವಾಗಿದ್ದರೆ ರಾಜಿಯಾದರೂ ಮಾಡಿಕೊಳ್ಳಬಹುದಿತ್ತು. ಏನೂ ಆಗಿಲ್ಲ. ದೂರ ಇದ್ದವರ ಹತ್ತಿರ ಏನು ಮಾತಾಡಬೇಕೆಂದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ, ಅಷ್ಟೆ. ಕಾರಿನಲ್ಲಿ ನಾವು ಆಡುತ್ತಿದ್ದ ಮಾತುಗಳು ಫೋನಿನಲ್ಲಿ ಆಡುವಂಥವಲ್ಲ. ರಸ್ತೆ ಪಕ್ಕದ ಹೊಲದಲ್ಲಿ ಯಾರೋ ಕೆಂಪು ಸೀರೆ ಉಟ್ಟು ಕಸ ತೆಗೆಯುತ್ತಿದ್ದಾಳೆ ನೋಡು ಎಂದು ಔರಾದಕ್ಕೆ ಫೋನು ಮಾಡಿ ಹೇಳುವುದು ಹೇಗೆ?

ಆ ಕಾರನ್ನು ಉಮರ್ಗಾದವನು ಒಯ್ದರೆ ಹೋಗುವುದು ಕಾರಷ್ಟೇ ಅಲ್ಲ ಎಂದು ತಮ್ಮನಿಗೆ ತಿಳಿಸಿ ಹೇಳಲು ನನಗೆ ಬರಲಿಲ್ಲ. ಆ ಸೀಟು ಹೋಗುತ್ತದೆ. ಒಂದು ಕಾಲಕ್ಕೆ ನನ್ನ ಪಕ್ಕದಲ್ಲಿ ಒಬ್ಬಳು ಕುಳಿತು ಮಾತಾಡುತ್ತಿದ್ದಳು ಎಂಬುದಕ್ಕೆ ಸಾಕ್ಷಿ ಹೋಗುತ್ತದೆ. ರವಿವಾರದ ಒಳಗೆ ಖಾಜಾ ಮಿಸ್ತ್ರಿಯ ಬಾಯಿಂದ ಎಂಜಿನ್ ಇನ್ನೂ ಇದೆ ಎಂದು ಕೇಳಬೇಕಾಗಿತ್ತು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನೇರ ಗ್ಯಾರೇಜಿಗೆ ಹೋದೆ.

"ನೀಲಿ" ಎಂದೆ. ಒಂದೇ ಶಬ್ದ.

"ಶಾಬ್ಬಾಸ್!" ಎಂದರು ಮಿಸ್ತ್ರಿ. ಎಂಜಿನ್ ಮುಗಿಯಿತು ಎಂಬ ತಮ್ಮನ ತೀರ್ಪನ್ನೂ ಹೇಳಿದೆ. ಅವರು ಎಂಜಿನ್ ಚಾಲೂ ಇರುವಾಗಲೇ ಆಯಿಲ್ ಹಾಕುವ ಮುಚ್ಚಳವನ್ನು ತಿರುವಿ ತೆಗೆದು, ಅದೇ ಬಾಯಿಯ ಮೇಲೆ ಬೋರಲಾಗಿ ಇಟ್ಟರು. "ನೋಡ್ರಿ, ಈ ಮುಚ್ಚಳ ಕುಣದು ಹಾರಿ ಬಿತ್ತಂದ್ರ ಎಂಜಿನ್ ಸವದದ. ನಿಮ್ಮ ತಮ್ಮ ಹೇಳಿದ್ದು ಖರೇ. ಹಾರಲಿಲ್ಲಂದ್ರ ಬ್ಯಾನಿ ಬ್ಯಾರೆ ಕಡೆ ಅದ."

ನಾನು ಆ ಮುಚ್ಚಳವನ್ನೇ ನೋಡುತ್ತ ನಿಂತೆ. ಮಕ್ಕಳ ಫಲಿತಾಂಶಕ್ಕೂ ಹಾಗೆ ಕಾದವಳಲ್ಲ. ಅದು ಸ್ವಲ್ಪ ನಡುಗಿತು, ಅತ್ತಿತ್ತ ಒಂದೆರಡು ಸಲ ಕೊಸರಿತು, ಕುಳಿತುಕೊಂಡಿತು.

ಎಂಜಿನ್ ಬಂದ್ ಮಾಡಿ, ಆರಲು ಬಿಟ್ಟು, ಮಿಸ್ತ್ರಿ ಟರ್ಬೊದ ಕಡೆಯ ರಬ್ಬರ್ ಪೈಪು ಕಳಚಿದರು. ಒಳಗೆ ಬೆರಳಾಡಿಸಿ ನನ್ನ ಮುಂದೆ ಹಿಡಿದರು. ಬೆರಳ ತುಂಬ ಎಣ್ಣೆ. ಟರ್ಬೊದ ಒಳಗಿನ ಪುಟ್ಟ ಚಕ್ರವನ್ನು ಎರಡು ಬೆರಳಿನಿಂದ ಅಲ್ಲಾಡಿಸಿ, "ಸ್ವಲ್ಪ ಆಡಾಕತ್ತದ, ಬಾಳ ಇಲ್ಲ. ಆಯಿಲ್ ತಡಿಯೋ ಸೀಲ್ ಹೋಗ್ಯಾವ. ಇಲ್ಲಿಂದ ಆಯಿಲ್ ಒಳಗ ಇಳ್ಯಾಕತ್ತದ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ನೀವು ಗಾಡಿ ಹ್ಯಾಂಗ ಬಂದ್ ಮಾಡ್ತೀರಿ?" ಎಂದರು.

"ಚಾವಿ ತಿರುವಿ" ಎಂದೆ.

"ಅದಲ್ರಿ. ಹೈವೇದಾಗ ಜೋರ್ ಓಡಿಸಿ ಬಂದು, ನಿಂತ ಕೂಡ್ಲೇ ಬಂದ್ ಮಾಡ್ತೀರೇನ?"

ಮಾಡುತ್ತೇನೆ. ಡೀಸೆಲ್ ಉಳಿಸುವವಳು ನಾನು. ಕಾರು ನಿಲ್ಲುವ ಮೊದಲೇ ನನ್ನ ಕೈ ಚಾವಿಯ ಮೇಲಿರುತ್ತದೆ. ಹಾಗೆಂದು ಹೆಮ್ಮೆಯಿಂದಲೇ ಹೇಳಿದೆ.

ಮಿಸ್ತ್ರಿ ತಲೆ ಚಚ್ಚಿಕೊಂಡರು. "ಓಡಿ ಬಂದ ಟರ್ಬೊ ಕೆಂಡ ಆಗಿರತದ್ರಿ. ಎಂಜಿನ್ ಬಂದ್ ಆಯ್ತಂದ್ರ ಅದಕ್ಕ ಆಯಿಲ್ ಬರೋದೂ ಬಂದ್. ಒಳಗ ಉಳದ ಆಯಿಲ್ ಅಲ್ಲೇ ಸುಟ್ಟು ಕರಕಾಗಿ ಹತ್ತಿಕೊಂಡು ಬಿಡತದ. ದಿನಾ ಹಂಗ ಮಾಡಿದ್ರ ಸೀಲ್ ಎಲ್ಲಿ ಉಳೀತಾವ? ನಿಂತ ಮ್ಯಾಲ ಒಂದೆರಡ ನಿಮಿಷ ಸುಮ್ಮ ಚಾಲೂ ಬಿಡಬೇಕ್ರಿ, ಅದು ಆರಬೇಕು." ಕೈ ಒರೆಸಿಕೊಳ್ಳುತ್ತ, "ಮೊದ್ಲ ಬಿಡ್ತಿದ್ರಿ ಕಾಣತದ. ಇಲ್ಲಂದ್ರ ಇಷ್ಟ ವರ್ಷ ಬರತಿದ್ದಿಲ್ಲ. ಗಾಡಿಗಿ ವಯಸ್ಸೂ ಆಗೇದ ಬಿಡ್ರಿ, ನಾ ಅಂದದ್ದೇ ಖರೇ ಅನ್ನಾಂಗಿಲ್ಲ" ಎಂದೂ ಸೇರಿಸಿದರು.

ನನಗೆ ಅವರ ಕೊನೆಯ ಮಾತು ಸರಿಯಾಗಿ ಕೇಳಿಸಲಿಲ್ಲ. ಮೊದಲು ಬಿಡುತ್ತಿದ್ದೆ. ನಾನಲ್ಲ, ಅವಳು ಬಿಡಿಸುತ್ತಿದ್ದಳು. ಅವಳು ಹೋದ ಮೇಲೆ ಇಳಿದು ಒಳಗೆ ಹೋಗುವುದೊಂದೇ ಕೆಲಸ. ಬಂದ್ ಮಾಡಬೇಡ ಎನ್ನುವವರಿಲ್ಲ. ಡೀಸೆಲ್ ಉಳಿಯಿತು ಎಂದು ನಾನು ಬೀಗುತ್ತಿದ್ದಾಗ ಒಳಗೆ ದಿನಾ ಸ್ವಲ್ಪ ಸ್ವಲ್ಪ ಸುಡುತ್ತಿತ್ತು. ಅತ್ತೆಗೆ ಅಂಜಿ ಕುಳಿತವಳ ಹರಟೆ ನನ್ನ ಕಾರಿನ ಆಯುಷ್ಯ ಕಾದಿತ್ತೆಂದರೆ ಯಾರು ನಂಬುತ್ತಾರೆ? ಗ್ಯಾರೇಜಿನಲ್ಲಿ, ಟೈರುಗಳ ನಡುವೆ, ನನ್ನ ಕಣ್ಣು ತುಂಬಿತು. ಮಿಸ್ತ್ರಿ ಗಾಬರಿಯಾಗಿ, "ಫಿಕರ್ ಮಾಡಬ್ಯಾಡ್ರಿ ಮೇಡಂ, ಟರ್ಬೊ ಬಿಚ್ಚಿ ಸೋಲಾಪುರಕ್ಕ ಕಳಸೋಣ, ಸೀಲ್ ಹಾಕಿ ಕೊಡ್ತಾರ. ಆದ್ರ ಹಂಗೇ ಬಿಡಬ್ಯಾಡ್ರಿ. ಪೂರಾ ಹೋಯ್ತಂದ್ರ ಎಂಜಿನ್ ತನ್ನ ಆಯಿಲ್ ತಾನೇ ಕುಡದು ಓಡಾಕ ಶುರು ಮಾಡತದ, ಚಾವಿ ತಗದ್ರೂ ನಿಲ್ಲಲ್ಲ" ಎಂದರು. ಸೋಮವಾರ ತಂದು ಬಿಡುವುದೆಂದು ಮಾತಾಯಿತು. ಅಲ್ಲಿಯ ತನಕ ನಿಧಾನ ಓಡಿಸಲು ಹೇಳಿ, ಆಯಿಲ್ ಒಂದಿಷ್ಟು ಹಾಕಿಕೊಟ್ಟರು. ಅಲ್ಲಿಂದಲೇ ತಮ್ಮನಿಗೆ ಫೋನು ಮಾಡಿ ಉಮರ್ಗಾದವನನ್ನು ಕರೆತರಬೇಡ ಎಂದೆ. "ಯಾಕಕ್ಕಾ?" ಎಂದ. "ಮುಚ್ಚಳ ಹಾರಲಿಲ್ಲ" ಎಂದೆ.

ಮನೆಯ ಮುಂದೆ ಬಂದಾಗ ಇಳಿಬಿಸಿಲು. ಚಾವಿಯತ್ತ ಹೋದ ಕೈಯನ್ನು ಹಿಂದಕ್ಕೆ ತಂದು ತೊಡೆಯ ಮೇಲಿಟ್ಟುಕೊಂಡೆ. ಒಂದೆರಡು ನಿಮಿಷ. ಎಷ್ಟು ಉದ್ದ ಇರುತ್ತವೆ ಅವು, ಒಬ್ಬರೇ ಕುಳಿತರೆ! ಎದುರಿನ ಗೋಡೆ ನೋಡಿದೆ. ಕನ್ನಡಿಯಲ್ಲಿ ಹಿಂದಿನ ಹೊಗೆ ನೋಡಿದೆ. ಎಡಗಡೆಯ ಸೀಟು ನೋಡಲಿಲ್ಲ. ಆಮೇಲೆ ಅದನ್ನೇ ನೋಡಿದೆ, ಫೋನು ತೆಗೆದೆ.

"ಏನಬೇ, ಅಪರೂಪಕ್ಕ?" ಎಂದಳು ಮಹಾನಂದಾ. ಹಿಂದೆ ಪಾತ್ರೆಗಳ ಸದ್ದು.

ನೆನಪಾಯಿತು ಎಂದು ಹೇಳಬಹುದಿತ್ತು. ಬಾಯಿ ಬರಲಿಲ್ಲ. "ಒಂದು ಡೌಟ್ ಇತ್ತು" ಎಂದೆ. "ಟರ್ಬೊ ಯಾಕ ಅಷ್ಟ ಬಿಸಿ ಆಗತದ? ನೀ ಸೈನ್ಸ್‌ದಾಕಿ, ಹೇಳು."

ಉತ್ತರ ನನಗೆ ಗೊತ್ತಿತ್ತು, ಆಗಷ್ಟೇ ಕೇಳಿಕೊಂಡು ಬಂದಿದ್ದೆ. ಅವಳು ಟೀಚರಿನ ದನಿಯಲ್ಲಿ ಶುರು ಮಾಡಿದಳು, ಹೊಗೆಯ ಬಿಸಿ, ಚಕ್ರದ ವೇಗ ಅಂತ. ಅರ್ಧಕ್ಕೆ ನಿಲ್ಲಿಸಿದಳು. ಪಾತ್ರೆಗಳ ಸದ್ದೂ ನಿಂತಿತು.

"ಅದ್ಯಾವ ಆವಾಜ? ನಮ್ಮ ಗಾಡೀದೇನ?"

"ಹೂಂ."

"ಮನಿ ಮುಂದ ನಿಂತದೇನ?"

"ಹೂಂ. ಇನ್ನ ಬಂದ್ ಮಾಡಬೇಕು."

ಅವಳು ಬಾಗಿಲು ದಾಟಿ ಹೊರಗೆ ಬಂದಿರಬೇಕು, ಫೋನಿನಲ್ಲಿ ಗಾಳಿಯ ಸದ್ದು ಕೇಳಿಸಿತು. ಒಳಗಿನಿಂದ ಅತ್ತೆ ಅವಳ ಹೆಸರು ಹಿಡಿದು ಕರೆದದ್ದೂ ಕೇಳಿಸಿತು. ಅವಳು ಓಗೊಡಲಿಲ್ಲ.

"ತಡಿ" ಎಂದಳು. "ಬಂದ್ ಮಾಡಬ್ಯಾಡ."

ಎದುರುಮನೆಯಿಂದ ಕಾಶಿಬಾಯಿ, ಗಾಡಿ ಇನ್ನೂ ಹೊಗೆ ಬಿಡುತ್ತಿದೆ ಎಂದು ಹೇಳಲು ಹೊರಟವರು, ನನ್ನ ಮುಖ ನೋಡಿ ಅಲ್ಲೇ ನಿಂತರು. ಎಂಜಿನ್ ಗುರುಗುಟ್ಟುತ್ತಲೇ ಇತ್ತು. ನಾನು ಬಂದ್ ಮಾಡಲಿಲ್ಲ.